ಭಾವನ ಮನೆಯಲ್ಲಿ ಕೂಗಿದ ಮೂಗು

ದೇವರು ನನಗೆ ಮೂಗು ಕೊಟ್ಟಿರುವುದು ಕನ್ನಡಕ ನಿಲ್ಲಲಿ ಅಂತ ಮಾತ್ರ. ವಾಸನೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಹಾಲು ಸೀದರೂ ಸಾರು ಹಳಸಿದರೂ ನಾನು ನೆಮ್ಮದಿಯಾಗಿ ಪೇಪರು ಓದುತ್ತಿರುತ್ತೇನೆ. ಇಂಥವನು ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿ ಮಾಡಿದ್ದೇನು ಗೊತ್ತೆ? ಕೃತಕ ಮೂಗು! ನ್ಯಾನೋ ಅಂದರೆ ಸಾಕು, ಜನ ಎದ್ದು ಕುರ್ಚಿ ಕೊಡುತ್ತಿದ್ದ ಕಾಲ ಅದು. ಸತುವಿನ ಆಕ್ಸೈಡನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿಸಿ, ಗಾಜಿನ ಚೂರಿಗೆ ಬಳಿದು, ಬಿಸಿ ಮಾಡಿ ತಂತಿ ಕೊಟ್ಟಿದ್ದೆ. ಸ್ಪಿರಿಟ್ಟಿನ ಆವಿ ಸೋಕಿದರೆ ಕರೆಂಟು ಹೆಚ್ಚು ಹರಿದು 'ಕುಂಯ್' ಎಂದು ಕೂಗುತ್ತಿತ್ತು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅದಕ್ಕೆ ಮೂರು ಕಾಸಿನ ಮರ್ಯಾದೆ ಇರಲಿಲ್ಲ. "ಸಾರು ಹಳಸಿದ್ರೆ ಹೇಳುತ್ತಾ?" ಅಂದಳು ಹೆಂಡತಿ. ಇಲ್ಲ ಅಂದೆ. "ಮತ್ಯಾಕೆ?" ಅಂದಳು.

ಮೆಚ್ಚಿದವರೆಂದರೆ ಚನ್ನರಾಯಪಟ್ಟಣದ ಭಾವ, ನನ್ನ ಅಕ್ಕನ ಗಂಡ. ಅವರ ಮಗಳು ಸುಮಾಳನ್ನು ನೋಡಲು ಅರಕಲಗೂಡಿನಿಂದ ಗಂಡು ಬರುವುದಿತ್ತು. "ಹುಡುಗ ಕುಡಿತಾನೋ ಏನೋ, ಬಾಯಿಬಿಟ್ಟು ಕೇಳಕ್ಕಾಗುತ್ತಾ? ನಿನ್ನ ಮೂಗು ತಗೊಂಡು ಬಾರಯ್ಯ. ಕೂಗಿದ್ರೆ ಸಂಬಂಧವೇ ಬ್ಯಾಡ" ಅಂದರು. ಅಲ್ಲಿಗೆ ಹೋದರೆ ಸುಮಾ ನನ್ನನ್ನು ಅಡುಗೆಮನೆಗೆ ಎಳೆದಳು. "ಮಾವ, ನಾನು ಫೋಟೋ ನೋಡೇ ಒಪ್ಪಿಬಿಟ್ಟಿದೀನಿ. ಏನಾದ್ರೂ ಎಡವಟ್ಟು ಮಾಡಿದ್ರೆ ನಿನ್ನ ಮಾತೇ ಆಡಿಸಲ್ಲ, ನೋಡ್ಕೊ."

ಮೂಗನ್ನು ತಟ್ಟೆಯಲ್ಲಿ ಬಾಳೆಹಣ್ಣಿನ ಹಿಂದೆ ಅಡಗಿಸಿಟ್ಟು, ಬಾಗಿಲಲ್ಲಿ ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತ ನಿಂತೆ. ಹುಡುಗ ಬಂದು ತಟ್ಟೆಯ ಮುಂದೆ ಕೂತ. ಕುಂಯ್! ಭಾವನ ಮುಖ ಕಪ್ಪಿಟ್ಟಿತು. ಹುಡುಗನ ತಾಯಿ ಬಗ್ಗಿ ಹಣ್ಣು ತಗೊಂಡರು. ಕುಂಯ್! ಏಕಾದಶಿಗೆ ನೀರೂ ಮುಟ್ಟದ ಪುರೋಹಿತರು ಜಾತಕ ಬಿಚ್ಚಿದರು. ಕುಂಯ್ಯೋ ಕುಂಯ್! ಆರಿಸೋಣ ಅಂತ ನಾನು ಕೈ ಹಾಕಿದೆ. ಎಲ್ಲರಿಗಿಂತ ಜೋರಾಗಿ ಬಡಕೊಂಡಿತು. "ಏನ್ರೀ ಅದು?" ಅಂದರು ಹುಡುಗನ ತಂದೆ. ಭಾವ ತಡೆಯಲಾರದೆ, "ಕುಡಿದೋರನ್ನ ಹಿಡಿಯೋ ಮಿಷನ್ನು!" ಅಂದುಬಿಟ್ಟರು. ಬಂದವರೆಲ್ಲ ಎದ್ದು ಚಪ್ಪಲಿ ಹುಡುಕತೊಡಗಿದರು. ಸುಮಾಳ ಕಣ್ಣು ತುಂಬಿತು.

"ತಡೀರಿ" ಅಂತ ಅವಳೇ ಮುಂದೆ ಬಂದು ನನ್ನ ಕೈಲಿದ್ದ ಪನ್ನೀರುದಾನಿ ಮೂಸಿದಳು. "ಮಾವ, ಇದಕ್ಕೇನು ಹಾಕ್ದೆ?" ಘಮ್ಮೆನ್ನಲಿ ಅಂತ ಸೆಂಟು ಬೆರೆಸಿದ್ದೆ. ನನಗೆ ಘಮ್ಮೆನ್ನುವವರೆಗೂ ಬೆರೆಸಿದ್ದೆ, ಅಂದರೆ ಇಡೀ ಬಾಟಲಿ. ಸೆಂಟಿನ ತುಂಬ ಸ್ಪಿರಿಟ್ಟು! ಹುಡುಗನ ತಂದೆ ಅದನ್ನೇ ಭಾವನ ತಲೆಗೂ ಚಿಮುಕಿಸಿ ತಟ್ಟೆ ಹಿಡಿದರು. ಮೂಗು ಲಬೋ ಲಬೋ ಎಂದಿತು. ಮೊದಲು ನಕ್ಕವನು ಹುಡುಗ.

ಮದುವೆಯೇನೋ ಆಯಿತು. ಮೂಗು ಮಾತ್ರ ಈಗ ನಮ್ಮ ಮನೆಯ ಬಾಗಿಲ ಗೂಟದಲ್ಲಿದೆ. ಸಂಜೆ ಹಾಸನದಿಂದ ಬಂದವನು ಅದಕ್ಕೆ ಊದದಿದ್ದರೆ ಕಾಫಿ ಇಲ್ಲ. "ಕಾರಣ ಗೊತ್ತಾಯ್ತಲ್ಲೇ!" ಅಂದರೆ, "ಅವತ್ತು ಜಾಸ್ತಿ ಕೂಗಿದ್ದು ನಿಮಗೇ ಅಲ್ವಾ, ಊದಿ" ಅನ್ನುತ್ತಾಳೆ ಹೆಂಡತಿ. ಊದುತ್ತೇನೆ. ಕಾಫಿ ಬರುತ್ತದೆ. ಅದರ ಹಾಲು ಸೀದಿದೆಯೋ ಇಲ್ಲವೋ, ನನಗೂ ಗೊತ್ತಾಗುವುದಿಲ್ಲ, ಗೂಟದಲ್ಲಿರುವ ಮೂಗಿಗೂ ಗೊತ್ತಾಗುವುದಿಲ್ಲ.