ಅನುಮತಿಯಿಲ್ಲದೆ ಎದ್ದ ಗಣಕಯಂತ್ರದ ಕುರಿತು

ದಿನಾಂಕ: 16-07-2025, ಬುಧವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ
ಸಂಖ್ಯೆ: ಅಂಪವಿ/ಯಂತ್ರ/ಏಳದಿರುವಿಕೆ/07/2025-26

ವಿಷಯ: ಅಂಕಪಟ್ಟಿ ವಿಭಾಗದ ಲಿನಕ್ಸ್ ಯಂತ್ರವು ಕರ್ನಲ್ ನವೀಕರಣದ ನಂತರ ಏಳದಿದ್ದುದು ಹಾಗೂ ತದನಂತರ ಎದ್ದುದು.

ಉಲ್ಲೇಖ: 1. ಯಾವುದೇ ಹಳೆಯ ಕಡತವನ್ನು ಅಳಿಸಬಾರದೆಂಬ ಈ ಕಚೇರಿಯ ಸುತ್ತೋಲೆ.
2. ಅದರಿಂದ ತೊಂದರೆಯಾದೀತೆಂದು ಗುತ್ತಿಗೆ ಆಪರೇಟರ್ ಬರೆದ ಮೂರು ಪತ್ರಗಳು (ತೆರೆದಿಲ್ಲ).

ಕಳೆದ ಸೋಮವಾರ ಬೆಳಿಗ್ಗೆ 10.12ಕ್ಕೆ ಸದರಿ ಯಂತ್ರವು ಹೊಸ ಕರ್ನಲ್ ಹಾಕಿಸಿಕೊಂಡು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕಾರಿ ನಿಂತುಬಿಟ್ಟಿತು. ಕರ್ನಲ್ ಎಂದರೆ ಎಲ್ಲರಿಗೂ ಕೆಲಸ ಹಂಚಿ ತಾನೂ ಕೆಲಸ ಮಾಡುವ ತಂತ್ರಾಂಶ. ಈ ಕಚೇರಿಯಲ್ಲಿ ತತ್ಸಮಾನ ಹುದ್ದೆ ಇರುವುದಿಲ್ಲ. ಉಲ್ಲೇಖ 1ರಂತೆ ಹಿಂದಿನ ಹದಿನೇಳು ಕರ್ನಲ್‌ಗಳನ್ನೂ ಜೋಪಾನ ಮಾಡಿರುವುದರಿಂದ, ಯಂತ್ರ ಏಳಲು ಬೇಕಾದ ಕಡತಗಳನ್ನಿಡುವ ಬೂಟ್ ವಿಭಾಗ ತುಂಬಿ, ಹೊಸದು ಅರ್ಧ ಮಾತ್ರ ಒಳಸೇರಿತ್ತು.

ಸಂಜೆ ಐದರೊಳಗೆ ಕಾಲೇಜಿಗೆ ಅಂಕಪಟ್ಟಿ ಒಪ್ಪಿಸಬೇಕಿದ್ದ ವಿದ್ಯಾರ್ಥಿನಿಯೊಬ್ಬಳು ಬೆಳಗಿನಿಂದ ಕಿಟಕಿಯ ಬಳಿ ನಿಂತಿದ್ದಳು. 4.31ಕ್ಕೆ ಆಪರೇಟರ್ ಯಂತ್ರವನ್ನು ಆರಿಸಿ ಹಚ್ಚಿ, ಆರಂಭದ ಪಟ್ಟಿಯಲ್ಲಿ ಕೆಳಬಾಣದ ಕೀಲಿಯನ್ನು ಒಮ್ಮೆ ಒತ್ತಿ ಹಳೆಯ ಕರ್ನಲ್ ಆಯ್ದರು. ಯಂತ್ರ ಎದ್ದಿತು. ಅಂಕಪಟ್ಟಿ ಬಂದಿತು. ಆಗ ಜವಾನರು "ಅಯ್ಯೋ, ಇಷ್ಟೇನಾ ಮೇಡಂ? ಬೆಳಿಗ್ಗೇನೇ ಒತ್ತೋಕೇನಾಗಿತ್ತು?" ಎಂದೂ, ಆಪರೇಟರ್ "ಬೆಳಿಗ್ಗೇನೇ ಅನುಮತಿ ಕೇಳಿ ಬರ್ದಿದ್ದೀನಣ್ಣ, ಸಾಹೇಬ್ರ ಮೇಜಿನ ಮೇಲೆ ಚೀಟಿ ತೂಕಡಿಸ್ತಿದೆ" ಎಂದೂ ನುಡಿದಿರುವುದು ವಿಚಾರಣೆಯಲ್ಲಿ ಸಾಬೀತಾಗಿದೆ.

ಆದ್ದರಿಂದ ಸಂಬಂಧಪಟ್ಟವರೆಲ್ಲರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಯಂತ್ರವು ಇನ್ನು ಮುಂದೆ ಅನುಮತಿ ಪಡೆದೇ ಏಳತಕ್ಕದ್ದು. ಆರಂಭದ ಪಟ್ಟಿ ಪರದೆಯ ಮೇಲೆ ಐದು ಸೆಕೆಂಡು ಮಾತ್ರ ಇರುವುದರಿಂದ, ಅಷ್ಟರೊಳಗೆ ಕಡತವನ್ನು ಗುಮಾಸ್ತರು, ಮೇಲ್ವಿಚಾರಕರು ಹಾಗೂ ಅಧೀಕ್ಷಕರ ಮೂಲಕ ಮಂಡಿಸತಕ್ಕದ್ದು. ಊಟದ ಬಿಡುವು ಈ ಐದು ಸೆಕೆಂಡಿನಲ್ಲಿ ಸೇರಿರುವುದಿಲ್ಲ.

2. ಅನುಮತಿಯಿಲ್ಲದೆ ಎದ್ದ ಯಂತ್ರವನ್ನು ಎದ್ದಿಲ್ಲವೆಂದೇ ಭಾವಿಸಲಾಗುವುದು. ಏಳದ ಯಂತ್ರದಿಂದ ಅಂಕಪಟ್ಟಿ ಪಡೆದದ್ದು ಹೇಗೆಂದು ವಿದ್ಯಾರ್ಥಿನಿಯು ಲಿಖಿತ ವಿವರಣೆ ನೀಡತಕ್ಕದ್ದು.

3. ಹೊಸ ಕರ್ನಲ್‌ಗೆ ಕಾರಣ ಕೇಳಿ ನೋಟಿಸನ್ನು ಯಂತ್ರದ ಗಾಳಿಕಿಂಡಿಯ ಮೇಲೆ ಅಂಟಿಸಲಾಗಿದೆ. ಅಂದಿನಿಂದ ಯಂತ್ರ ಬಿಸಿಯಾಗುತ್ತಿರುವುದನ್ನು ಉದ್ಧಟತನವೆಂದು ದಾಖಲಿಸಲಾಗಿದೆ.

4. ವೈಫಲ್ಯವನ್ನು ಕಣ್ಣಾರೆ ಕಾಣಬೇಕೆಂಬ ತನಿಖಾ ಸಮಿತಿಯ ಕೋರಿಕೆಯಂತೆ, ನಡೆಯುತ್ತಿದ್ದ ಯಂತ್ರವನ್ನು ಪುನಃ ಕೆಡಿಸಿಡಲಾಗಿದೆ. ಅದನ್ನು ಎಬ್ಬಿಸಲು ಐವರು ಸದಸ್ಯರಿಂದಲೂ ಆಗಿಲ್ಲ. ಕೆಳಬಾಣ ಯಾವುದೆಂಬ ಬಗ್ಗೆ ಒಮ್ಮತ ಮೂಡದ ಕಾರಣ ಉಪಸಮಿತಿ ರಚಿಸಲಾಗಿದೆ.

5. ಆಪರೇಟರ್ ಅವರ ಗುತ್ತಿಗೆಯನ್ನು ಈ ತಿಂಗಳ 31ರ ನಂತರ ಮುಂದುವರಿಸತಕ್ಕದ್ದಲ್ಲ. ಅವರನ್ನು ಬಿಡುಗಡೆಗೊಳಿಸುವ ಆದೇಶವು ಸದರಿ ಯಂತ್ರದಲ್ಲಿಯೇ ಮುದ್ರಣವಾಗಬೇಕಿರುವುದರಿಂದ, ಅವರೇ ಬಂದು ಕೆಳಬಾಣ ಒತ್ತಿಕೊಡತಕ್ಕದ್ದು. ಈ ಒಂದು ಬಾರಿಗೆ ಅನುಮತಿ ನೀಡಲಾಗಿದೆ.

(ಸಹಿ ಇದೆ, ಓದಲಾಗುವುದಿಲ್ಲ)
ಅಧೀಕ್ಷಕರು ಹಾಗೂ ಉಪಸಮಿತಿಯ ಅಧ್ಯಕ್ಷರು

ಪ್ರತಿಗಳು:
1. ಆಪರೇಟರ್ ಅವರಿಗೆ, ಮೂರು ಪತ್ರಗಳನ್ನು ತೆರೆಯದೆ ಲಗತ್ತಿಸಿ.
2. ವಿದ್ಯಾರ್ಥಿನಿಗೆ, ಆಕೆ ಈಗ ಕುಳಿತಿರುವ ಕಾಲೇಜಿನ ತರಗತಿಯ ಮೂಲಕ.
3. ಜವಾನರಿಗೆ, ಬಾಯಿಮಾತಿನಲ್ಲಿ.
4. ಯಂತ್ರದ ಬೂಟ್ ವಿಭಾಗಕ್ಕೆ, ಎಂದಿಗೂ ಅಳಿಸಬಾರದ ದಾಖಲೆಯಾಗಿ. ಅಲ್ಲಿ ಉಳಿದಿರುವ ಜಾಗ: 0 ಎಂ.ಬಿ.