ಹಾಡಿಗೆ ನಾಲ್ಕು ಹರವಿ

ಶಹಾಬಾದಿನಲ್ಲಿ ನಮ್ಮ ಸೋದರಮಾವನಷ್ಟು ಚುರುಕು ಕಿವಿ ಇನ್ನೊಬ್ಬರಿಗಿರಲಿಲ್ಲ. ಹಾಗೆಂದು ಹೇಳುತ್ತಿದ್ದವನೂ ಮಾವನೇ.

ಅವನ ಹೊಟ್ಟೆಪಾಡೇ ಕಿವಿಯದು. ಖಣಿಯಲ್ಲಿ ನೆಲಕ್ಕೆ ಹಾಸುವ ಒಂದೊಂದು ಫರಸಿ ಕಲ್ಲನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುವುದು ಅವನ ಕೆಲಸ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ದಬ್. ಈ ಅಭ್ಯಾಸವನ್ನು ಖಣಿಯಲ್ಲೇ ಬಿಟ್ಟು ಬರಬೇಕಲ್ಲವೇ? ಮನೆಯಲ್ಲಿ ಖಡಕ್ ರೊಟ್ಟಿ ತಟ್ಟಿ ನೋಡುತ್ತಿದ್ದ. ಒಮ್ಮೆ ನನ್ನ ತಲೆ ತಟ್ಟಿ "ದಬ್" ಅಂದ. ಆಗ ನನಗೆ ಎಂಟೋ ಹತ್ತೋ. ವಯಸ್ಸು ತಪ್ಪಿರಬಹುದು, ದಬ್ ಮಾತ್ರ ಖಂಡಿತ!

ಅಂಥವನು ಎಪ್ಪತ್ತರ ದಶಕದಲ್ಲೊಮ್ಮೆ ಹಳೆಯ ರೆಕಾರ್ಡ್ ಪ್ಲೇಯರ್ ತಂದ. ಹಾಡು ಹಚ್ಚಿದ್ದೇ ಮುಖ ಕಿವುಚಿ, ಕೋಣೆಯ ಸುತ್ತ ನೋಡಿ, "ಖೋಲಿ ಸರಿ ಇಲ್ಲ" ಎಂದ. ಪ್ಲೇಯರಿನ ಅಡಿಗೆ ತಾನೇ ತಟ್ಟಿ ಆರಿಸಿದ ಫರಸಿ ಬಂತು. ಹೊದೆಯುವ ಕೌದಿಗಳು ಗೋಡೆ ಏರಿದವು. ಕೊನೆಗೆ ನಾಲ್ಕು ಮೂಲೆಗೆ ನೀರು ತುಂಬಿಡುವ ಮಣ್ಣಿನ ನಾಲ್ಕು ಹರವಿ, ಖಾಲಿ ಮಾಡಿ. ದಪ್ಪ ದನಿಯನ್ನು ಅವು ನುಂಗಿಕೊಳ್ಳುತ್ತವಂತೆ.

"ಹರವಿ ಎಲ್ಲಾ ಹಾಡ ಕುಡ್ಯಾಕತ್ತಾವ. ನಾವು ನೀರು ಎದರಾಗ ತುಂಬಬೇಕ್ರಿ?" ಎಂದಳು ಅತ್ತೆ.

"ಬೊಗಸ್ಯಾಗ ತುಂಬು."

ಬಜಾರಿನಲ್ಲಿ ರೇಡಿಯೊ ರಿಪೇರಿ ಮಾಡುವ ಚಾಚಾ ಮಾವನ ಬಾಲ್ಯದ ಗೆಳೆಯ. ಶುಕ್ರವಾರ ಅವನ ಅಂಗಡಿಗೆ ರಜೆ. ಅಂದು ನಮ್ಮಲ್ಲಿ ಚಹಾ, ಚಹಾದ ಜೊತೆ ಜಗಳ.

"ಕೌದಿ ಒಪ್ಪತೀನಿ. ಖೋಲಿ ಗುಂಯ್ ಅನ್ನೋದು ನಿಂತದ. ಹರವಿ ಒಪ್ಪಂಗಿಲ್ಲ. ಅವಾಜ್ ಬರೋದು ಸ್ಪೀಕರಿನಿಂದ, ನಡುವ ಕುಂಬಾರಂದು ಏನು ಕೆಲಸ?" ಎಂದ ಚಾಚಾ.

"ನಿಂದು ಬೆಸುಗಿ ಹಾಕೋ ಕಿವಿ. ನಿನಗ ತಿಳಿಯಂಗಿಲ್ಲ."

"ಹಂಗಾದ್ರ ಕಣ್ಣು ಕಟ್ಟಿಕೊಂಡು ಕುಂದ್ರು. ನಾ ಹರವಿ ಇಡ್ತೀನಿ, ತೆಗೀತೀನಿ. ಯಾವಾಗ ಅದಾವ, ಯಾವಾಗ ಇಲ್ಲ, ಹೇಳು ನೋಡಮು."

ಮಾವ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಅವನು ಠಣ್ ಎಂದು ಪಾಸು ಮಾಡಿದ ಎರಡು ಫರಸಿಗಳು ಆ ತಿಂಗಳು ವಾಡಿ ಸ್ಟೇಷನ್ನಿನಲ್ಲಿ ಇಳಿಸುವಾಗಲೇ ಬಿರುಕಿನ ಗುಂಟ ಒಡೆದಿದ್ದವು. ಅವನು ತಟ್ಟಿದ್ದನ್ನು ಖಣಿಯ ಮಾಲಕರು ಇನ್ನೊಬ್ಬನಿಂದ ಮತ್ತೆ ತಟ್ಟಿಸತೊಡಗಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು ಅದು.

"ಕಟ್ಟು" ಎಂದ.

ಅತ್ತೆ ಟವೆಲಿನಿಂದ ಕಣ್ಣು ಕಟ್ಟಿದಳು. ಒಂದೇ ಹಾಡು, ಆರು ಸಲ. ಚಾಚಾ ಬರಿಗಾಲಲ್ಲಿ ಬೆಕ್ಕಿನಂತೆ ನಡೆದು ಹರವಿಗಳನ್ನು ಅಂಗಳಕ್ಕೆ ಒಯ್ದ, ತಂದ. ಒಮ್ಮೆ ಏನನ್ನೂ ಮುಟ್ಟದೆ ಸುಮ್ಮನೆ ಕೋಣೆ ಸುತ್ತಿ ಬಂದ.

"ಈಗ ತೆಗದಿ" ಎಂದ ಮಾವ. "ಗದ್ದಲ ಎದ್ದದ."

ನಾಲ್ಕು ಹರವಿಯೂ ಅಲ್ಲೇ ಇದ್ದವು! ನಗು ತಡೆಯಲು ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಆ ಸೆರಗನ್ನು ತೆಗೆಯಲೇ ಇಲ್ಲ. ನನ್ನ ಲೆಕ್ಕದಲ್ಲಿ ನಾಲ್ಕು ತಪ್ಪು. ಅತ್ತೆ ಇಂದಿಗೂ ಐದು ಎನ್ನುತ್ತಾಳೆ. ಇಬ್ಬರ ನೆನಪನ್ನೂ ನಾನು ನಂಬುವುದಿಲ್ಲ.

ಚಾಚಾ ಕೆಮ್ಮಿದ. "ಆರಕ್ಕ ಆರೂ ಬರೋಬರ್. ನಾ ಸೋತೆ ಭಾಯಿ. ಹರವಿ ಖರೇನೇ ಕೆಲಸ ಮಾಡ್ತಾವ."

ಮಾವ ಟವೆಲು ಬಿಚ್ಚದೆಯೇ ಚಾಚಾನ ದನಿಯತ್ತ ಮುಖ ತಿರುಗಿಸಿದ.

"ಸುಳ್ಳು ಹೇಳೂ ಮುಂದ ನಿನ್ನ ದನಿ ಸಣ್ಣಾಗ್ತದ" ಎಂದ. "ಅಷ್ಟು ಇನ್ನಾ ಕೇಳಸ್ತದ ನನಗ. ಕಿವಿ ಮಂದ ಆಗ್ಯಾವ ಅಂತ ನಾಳೆ ಮಾಲಕರಿಗೆ ನಾನೇ ಹೇಳ್ತೀನಿ. ನೀನೂ ನನ್ನ ಸಂಗಟ ಬಾ."

ಮರುದಿನ ಶನಿವಾರ. ಮಧ್ಯಾಹ್ನದವರೆಗೂ ಚಾಚಾ ಅಂಗಡಿ ತೆರೆಯಲಿಲ್ಲ.