ಟೇಪಿನ ಸೊನ್ನೆ ತುದಿ

ನಮ್ಮ ಭಾವನ ಪ್ರಕಾರ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕಿನಲ್ಲಿ ನೆಟ್ಟಗಿರುವ ಗೋಡೆ ಒಂದೇ ಒಂದೂ ಇಲ್ಲ! ಮನುಷ್ಯರ ಬಗ್ಗೆ ಅವರು ಇಂಥ ಅಭಿಪ್ರಾಯ ಕೊಟ್ಟವರಲ್ಲ. ಮನುಷ್ಯರ ಕಡೆ ಅಷ್ಟಾಗಿ ನೋಡಿದವರೂ ಅಲ್ಲ. ಯಾರ ಮನೆಗೆ ಹೋದರೂ "ಚೆನ್ನಾಗಿದ್ದೀರಾ" ಅನ್ನುವ ಮೊದಲು ಅವರ ಕಣ್ಣು ಮೂಲೆಗೆ ಹೋಗುತ್ತದೆ. ಎರಡು ಗೋಡೆಗೆ ಹೊಂದಾಣಿಕೆ ಇಲ್ಲದ್ದು ಕಂಡರೆ ಸಾಕು, ಮುಖ ಅರಳುತ್ತದೆ. ಆ ಮನೆಯ ಗಂಡ ಹೆಂಡಿರಿಗೆ ಹೊಂದಾಣಿಕೆ ಇದೆಯೋ ಇಲ್ಲವೋ, ಅದು ಅವರಿಗೆ ಬೇಡ.

ಭಾವ ಅಂದರೆ ನನ್ನ ಅಕ್ಕನ ಗಂಡ. ಕೆ.ಆರ್. ಪೇಟೆಯವರು. ಒಂದು ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದವರು ಅವಧಿಗೆ ಮುಂಚೆಯೇ ಕೆಲಸ ಬಿಟ್ಟು, ಸ್ವಂತಕ್ಕೆ ಒಂದು ವಿಚಿತ್ರ ಕಸುಬು ಹಿಡಿದರು. ಲೋಕದಲ್ಲಿ ಎಲ್ಲರೂ ಮೊದಲು ನಕ್ಷೆ ಬರೆದು ಆಮೇಲೆ ಕಟ್ಟಡ ಕಟ್ಟುತ್ತಾರೆ ತಾನೆ? ಭಾವ ಕಟ್ಟಿ ನೂರು ವರ್ಷವಾದ ಕಟ್ಟಡಕ್ಕೆ ನಕ್ಷೆ ಬರೆಯುತ್ತಾರೆ! ನಮ್ಮ ಕಡೆ ಹಳೇ ಕಟ್ಟಡಗಳಿಗೆ ಕಾಗದ ಎಲ್ಲಿದೆ? ಗಾರೆಯವನ ತಲೆಯಲ್ಲಿತ್ತು, ಅವನ ಜೊತೆಗೇ ಹೋಯಿತು. ರಿಪೇರಿಗೋ ಇನ್ನೊಂದು ಅಂಕಣ ಸೇರಿಸುವುದಕ್ಕೋ ಇಂಜಿನಿಯರು "ಇರುವ ಕಟ್ಟಡದ ನಕ್ಷೆ ಕೊಡಿ" ಅಂದಾಗ ಜನ ಭಾವನನ್ನು ಹುಡುಕಿಕೊಂಡು ಬರುತ್ತಿದ್ದರು. ಈ ಉದ್ಯೋಗದ ವಿವರವನ್ನೆಲ್ಲ ಕೇಳಿ ನಮ್ಮವ್ವ ಅಂದದ್ದು ಒಂದೇ ಮಾತು: "ಮೂರು ಮಕ್ಳಾದ್ ಮ್ಯಾಲೆ ಜಾತ್ಕ ತೋರಿಸ್ದಂಗಾತು ಬುಡು."

ಪಾಂಡವಪುರದ ನಮ್ಮ ಮನೆಗೆ ಅಕ್ಕನನ್ನು ನೋಡಲು ಬಂದ ದಿನವೇ ನಮಗೆ ಸುಳಿವು ಸಿಗಬೇಕಿತ್ತು. ನಾನಾಗ ಸಣ್ಣವಳು. ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆ ಬಗ್ಗಿಸಿ ನಿಂತಿದ್ದಾಳೆ. ಗಂಡು ಅವಳ ಹಿಂದಿನ ಗೋಡೆಯನ್ನು ನೋಡುತ್ತಾ ಕೂತಿದೆ. ತಾತ ಕೆಮ್ಮಿ, "ಏನಪ್ಪಾ, ಒಪ್ಗೇನಾ?" ಅಂದರು.

"ಮೇಲ್ಗಡೆ ಒಂದೂವರೆ ಇಂಚು ವಾಲ್ಕೊಂಡದೆ," ಅಂದಿತು ಗಂಡು.

ತಾತನ ಮೀಸೆ ಕುಣಿಯಿತು. "ಗ್ವಾಡೆ ಇರ್ಲಿ ಕಣಪ್ಪ, ನಮ್ ಉಡುಗಿ ನೆಟ್ಟಗವ್ಳೆ. ಅವ್ಳನ್ನ ನೋಡು ಮೊದ್ಲು!"

ಅಕ್ಕ ತಡೆಯಲಾರದೆ ಫಕ್ಕನೆ ನಕ್ಕುಬಿಟ್ಟಳು. ಆಗಲೇ ಅವರು ಅವಳ ಮುಖ ನೋಡಿದ್ದು. ಕಣ್ಣು ಅಷ್ಟು ಚೆಂದ ನಮ್ಮ ಅಕ್ಕನದು. ಆ ದಿನ ಮತ್ತೆ ಗೋಡೆಯ ಮಾತು ಬರಲಿಲ್ಲ.

ನಾನು ದೊಡ್ಡವಳಾಗಿ ನಮ್ಮೂರಿನ ಸ್ಕೂಲಿನಲ್ಲಿ ಗಣಿತದ ಟೀಚರಾದೆ. ರಜೆ ಬಂತೆಂದರೆ ಅಕ್ಕನ ಮನೆ. ಭಾವ ನನಗೊಂದು ಹುದ್ದೆ ಕೊಟ್ಟಿದ್ದರು: ಟೇಪಿನ ಸೊನ್ನೆ ತುದಿಯನ್ನು ಗೋಡೆಗೆ ಒತ್ತಿ ಹಿಡಿದುಕೊಂಡು ನಿಲ್ಲುವುದು. ಅಷ್ಟೇ! ಅಂಕಿ ಓದುವ ಗೌರವ ಆ ತುದಿಯವರದು. ಎಂ.ಎಸ್ಸಿ. ಮಾಡಿದವಳಿಗೆ ಸೊನ್ನೆ ಹಿಡಿಯುವ ಕೆಲಸ, ಅದರಲ್ಲೂ ಬೈಗುಳ. "ಸೊನ್ನೆ ಅಲ್ಲಾಡ್ತದೆ ಕಣಮ್ಮಿ! ಸೊನ್ನೆ ಅಲ್ಲಾಡುದ್ರೆ ಎಲ್ಲಾ ಅಲ್ಲಾಡ್ತದೆ!"

"ಭಾವ, ಬಿಸಿಲು. ಈ ಮೂಲೆ ತೊಂಬತ್ತು ಡಿಗ್ರಿ ಅಂತ ಬರ್ಕೊಂಡ್ಬುಡಿ, ಹೋಗೋಣ."

"ತೊಂಬತ್ತು ಡಿಗ್ರಿ ನಿನ್ ಪುಸ್ತಕದಾಗೆ ಮಾತ್ರ ಇರೋದು. ಇಲ್ಲಿರೋದು ಎಂಬತ್ತೇಳೂವರೆ. ಇರೋದ್ನ ಇದ್ದಂಗ್ ಬರೀಬೇಕು ಕಣಮ್ಮಿ."

ಈ 'ಇರೋದ್ನ ಇದ್ದಂಗೆ' ಅವರ ಗಾಯತ್ರಿ ಮಂತ್ರ. ದಿನಕ್ಕೆ ಎಷ್ಟು ಸಲ ಕೇಳಬೇಕು!

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಕ್ಕನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣು ಹೆಚ್ಚೆಂದರೆ ಇನ್ನೊಂದು ವರ್ಷ ಅಂದರು ಮೈಸೂರಿನ ಡಾಕ್ಟರು. ಅಕ್ಕ ಭಾವನಿಗೆ ಮಕ್ಕಳಿಲ್ಲ. ಬೆಂಕಿ, ಕುದಿಯುವ ನೀರು, ಹಿತ್ತಲ ಮೆಟ್ಟಿಲು, ಇದರ ನಡುವೆ ಕಣ್ಣಿಲ್ಲದವಳನ್ನು ಬಿಡುವುದು ಹೇಗೆ? ಅವಳನ್ನು ಪಾಂಡವಪುರಕ್ಕೆ ಕರೆತಂದು ಇಟ್ಟುಕೊಳ್ಳುವುದು ಎಂದು ನಾನೂ ಅವ್ವನೂ ತೀರ್ಮಾನ ಮಾಡಿದೆವು. ಅಕ್ಕ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಕಣ್ಣೋದ್ರೆ ಓಗ್ಲಿ. ನನ್ ಒಲೆ ಬುಟ್ಟು ನಾ ಬರಾಕಿಲ್ಲ. ನಿಮ್ಮನೇಲಿ ಮೂಲೇಲಿ ಕುಂತ್ಕಂಡು ತಟ್ಟೆ ಈಸ್ಕಂಡು ಉಣ್ಣೋ ಬಾಳು ನಂಗ್ಯಾಕೆ?"

ನಾನು ಭಾವನ ಕಡೆ ತಿರುಗಿದೆ. "ನೀವಾದ್ರೂ ಏನಾದ್ರೂ ಹೇಳಿ."

"ಸಂಕ್ರಾಂತಿಗಂಟ ಟೈಮು ಕೊಡು," ಅಂದವರು ಟೇಪು ಎತ್ತಿಕೊಂಡು ನಾಗಮಂಗಲದ ಬಸ್ಸು ಹತ್ತಿಯೇಬಿಟ್ಟರು! ಹೆಂಡತಿಯ ಕಣ್ಣು ಹೋಗುತ್ತಿದೆ, ಈ ಮಹಾರಾಯರಿಗೆ ಯಾವುದೋ ಹಳೇ ಮಂಡಿಯ ಗೋಡೆ ದಪ್ಪ ನೋಡುವ ಚಿಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಬೇಸಿಗೆಯಲ್ಲೇ ಹೊಸಹೊಳಲಿನ ಕಡೆ ಒಂದು ಛತ್ರದ ಕೆಲಸ ಬಂತು. ಅಕ್ಕನೇ, "ಓಗಮ್ಮಿ, ಸೊನ್ನೆ ಇಡ್ಯಾಕೆ ಯಾರೂ ಸಿಗ್ನಿಲ್ವಂತೆ" ಎಂದು ಅಟ್ಟಿದಳು. ಹೋದೆ. ಛತ್ರದ ಯಜಮಾನರಿಗೆ ಹಿಂದುಗಡೆ ಊಟದ ಹಾಲ್ ಸೇರಿಸಬೇಕಿತ್ತು. ಭಾವ ಅಂಗಳವನ್ನು ಮೂಲೆಯಿಂದ ಮೂಲೆಗೆ ಅಳೆದು, ಒಂದು ಕಡೆ ಒಂಬತ್ತು ಇಂಚು ಹೆಚ್ಚು ಎಂದು ಸಂತೋಷದಿಂದ ಸಾರಿದರು. ಯಜಮಾನರು ಕೈಮುಗಿದರು. "ಸ್ವಾಮಿ, ಗ್ವಾಡೆ ಅಂತೂ ನೆಟ್ಟಗಾಗಾಕಿಲ್ಲ. ಕಾಗ್ದದಾಗಾದ್ರೂ ನೆಟ್ಟಗ್ ಬರ್ದುಕೊಡಿ."

"ಇರಬೇಕಾದ್ದನ್ನ ಬರ್ಯಾಕೆ ಬೇರೆಯೋರವ್ರೆ. ನಾನು ಇರೋದ್ನ ಬರೆಯೋನು."

ಉಗ್ರಾಣದಲ್ಲಿ ಅಡುಗೆ ಭಟ್ಟರು ಗೋಡೆಗೆ ಕಾಲು ಕೊಟ್ಟು ನಿದ್ದೆ ಮಾಡುತ್ತಿದ್ದರು. ಆ ಗೋಡೆಯೊಂದನ್ನು ಬಿಟ್ಟು ಬರಬಾರದೆ? ಊಹುಂ. ಭಾವ ಬಗ್ಗಿ ವಿನಯದಿಂದ, "ಸ್ವಲ್ಪ ಪಾದ ತೆಗೀರಿ, ಗೋಡೆ ಸಿಗ್ತಾ ಇಲ್ಲ" ಅಂದರು. ಭಟ್ಟರು ಗಾಬರಿಯಿಂದ ಎದ್ದು, ತಮ್ಮ ಪಾದದ ಅಳತೆ ಇವರಿಗೆ ಯಾಕೆ ಎಂದು ಸಂಜೆಯವರೆಗೂ ಕೇಳುತ್ತಲೇ ಇದ್ದರು.

ಕಟ್ಟಡ ಹೇಗಿದೆ ಎಂದು ಬರೆದರೆ ಭಾವನಿಗೆ ಸಾಲದು, ಭೂಮಿಯ ಮೇಲೆ ಅದು ಎಲ್ಲಿ ಕೂತಿದೆ ಎಂದೂ ಬರೆಯಬೇಕು. ಅದಕ್ಕೆ ಅಲ್ಲಾಡದ ಒಂದು ಜಾಗ ಆರಿಸಿ, ಅದಕ್ಕೆ ಸೊನ್ನೆ ಎಂದು ಹೆಸರಿಟ್ಟು, ಅದರ ಅಕ್ಷಾಂಶ ರೇಖಾಂಶ ಹಿಡಿದು, ಉಳಿದದ್ದೆಲ್ಲ ಅಲ್ಲಿಂದ ಎಣಿಸುವುದು. ಛತ್ರಕ್ಕೆ ಅವರು ತಾರಸಿಯ ಒಂದು ಮೂಲೆ ಆರಿಸಿ, ಮೈಸೂರಿನ ಇಂಜಿನಿಯರೊಬ್ಬರಿಂದ ಎರವಲು ತಂದ ಜಿಪಿಎಸ್ ಯಂತ್ರ ಇಟ್ಟರು. ಅದು ನೋಡಲು ರೇಡಿಯೋ ಥರ, ಆದರೆ ಹಾಡುವುದಿಲ್ಲ. ಆಕಾಶದ ಉಪಗ್ರಹಗಳನ್ನು ಕೇಳಿ ನಾವೆಲ್ಲಿದ್ದೇವೆ ಎಂದು ಹೇಳುತ್ತದೆ. ಅದು ಹೇಳಿದ ಜಾಗವನ್ನು ಭಾವ ಊರಿನ ನಕ್ಷೆಯಲ್ಲಿ ಗುರುತು ಮಾಡಿದರೆ ನಾವು ಕೆರೆಯೊಳಗಿದ್ದೆವು! ಹತ್ತು ನಿಮಿಷ ಬಿಟ್ಟು ನೋಡಿದರೆ ಯಾರದೋ ಗದ್ದೆಯಲ್ಲಿ!

ವಿಷಯ ಏನೆಂದರೆ, ಉಪಗ್ರಹ ಬಿಟ್ಟಿರುವ ಅಮೆರಿಕದವರು ಶತ್ರುಗಳಿಗೆ ಗುರಿ ಸಿಗಬಾರದೆಂದು ಬೇಕಂತಲೇ ಒಂದಿಷ್ಟು ತಪ್ಪು ಬೆರೆಸಿ ಕಳಿಸುತ್ತಿದ್ದರಂತೆ, ಡೈರಿಗೆ ಹಾಕುವ ಹಾಲಿಗೆ ಕೆಲವರು ನೀರು ಬೆರೆಸುವ ಹಾಗೆ.

"ಅಲ್ಲಾ ಭಾವ, ಅಮೆರಿಕದೋರಿಗೆ ಈ ಛತ್ರದ ಮೇಲೆ ಏನು ದ್ವೇಷ?"

"ತಪ್ಪು ಒಂದ್ಸಲ ಈಕಡೆ, ಒಂದ್ಸಲ ಆಕಡೆ ಬತ್ತದೆ. ದಿನಾಪೂರ್ತಿ ಬರ್ಕಂಡು ಸರಾಸರಿ ತಗುದ್ರೆ ನಿಜ ಮಧ್ಯದಾಗೆ ಸಿಗ್ತದೆ," ಎಂದು ಕೊಡೆ ಬಿಚ್ಚಿ ಕೂತರು. ಕೂತೇ ಕೂತರು. ಕೆಳಗೆ ಜನ ಸೇರಿತು. ಊರಿನ ಒಬ್ಬ ಮುದುಕ ಮೆಟ್ಟಿಲು ಹತ್ತಿ ಬಂದು, "ಅದೇನ್ ಸ್ವಾಮಿ ಅದು?" ಅಂದ.

"ನಾವೆಲ್ಲಿದೀವಿ ಅಂತ ಹೇಳೋ ಮಿಷಿನ್ನು."

ಆತ ಅದನ್ನು ಮೇಲೆ ಕೆಳಗೆ ನೋಡಿದ. "ಛತ್ರದ ಮ್ಯಾಲಿದ್ದೀರ. ನನ್ ಕೇಳಿದ್ರೆ ನಾನೇ ಏಳ್ತಿರ್ನಿಲ್ವಾ?"

ದಸರಾ ರಜೆಗೆ ಹೋದಾಗ ಭಾವನ ಹುಚ್ಚು ಮನೆಯೊಳಕ್ಕೇ ಬಂದಿತ್ತು. ಕುಡಿಯುವ ನೀರಿನ ಕೊಡವನ್ನು ಒಂದು ಗೇಣು ಪಕ್ಕಕ್ಕೆ ಇಟ್ಟದ್ದಕ್ಕೆ, "ಯಾರ್ ಹೇಳಿದ್ರು ನಿಂಗೆ ಅದನ್ನ ಅಲ್ಲಾಡ್ಸು ಅಂತ!" ಎಂದು ನನ್ನ ಮೇಲೆ ಹಾರಾಡಿದರು. ನೋಡಿದರೆ ಕೊಡದ ಸುತ್ತ ಸೀಮೆಸುಣ್ಣದ ಗೆರೆ! ಸ್ಟೂಲಿನ ಕಾಲಿಗೆ, ಒರಳಿಗೆ, ಉಪ್ಪಿನ ಡಬ್ಬಿಗೆ ಕೂಡ ಗೆರೆ! ಅಕ್ಕ ಬಚ್ಚಲಿನಿಂದ ಒಲೆಗೆ ಹೋದರೆ ಇವರು ಹಿಂದೆಯೇ ಟೇಪು ಹಿಡಿದು ಬಗ್ಗಿಕೊಂಡು ಹೋಗುವುದು, ಅವಳು ನಿಂತರೆ ನಿಲ್ಲುವುದು. ಅಕ್ಕ ನಗುತ್ತಿದ್ದಳು. "ನನ್ನೂ ಒಂದ್ ಗ್ವಾಡೆ ಅನ್ಕಂಡವ್ರೆ ಕಣೇ."

ನನಗೆ ನಗು ಬರಲಿಲ್ಲ. ಅಷ್ಟು ಹೊತ್ತಿಗೆ ಅವಳು ಲೋಟ ಹಿಡಿಯಲು ಎರಡು ಸಲ ಕೈಚಾಚುತ್ತಿದ್ದಳು. ಸಂಕ್ರಾಂತಿಗೆ ಬಂದು ಕರೆದುಕೊಂಡು ಹೋಗುವುದೇ ಸರಿ ಅಂದುಕೊಂಡೆ.

ಹಾಗೇ ಎಳ್ಳುಬೆಲ್ಲದ ಜೊತೆ ಒಂದು ಖಾಲಿ ಸೂಟ್‌ಕೇಸನ್ನೂ ತೆಗೆದುಕೊಂಡು ಹೋದೆ, ಅಕ್ಕನ ಸೀರೆ ತುಂಬಲು. ಅವಳಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸೂಟ್‌ಕೇಸನ್ನು ಪಡಸಾಲೆಯಲ್ಲಿ ಇಳಿಸಿದೆನೋ ಇಲ್ಲವೋ, ಭಾವ ಹಾಂ ಹಾಂ ಎಂದು ಓಡಿಬಂದರು.

"ದಾರೀಲಿ ಇಕ್ಬೇಡ ಕಣಮ್ಮಿ. ನಕ್ಷೇಲಿಲ್ಲ ಅದು!"

ಯಾವ ನಕ್ಷೆ? ಮೇಜಿನ ಮೇಲೆ ಒಂದು ದಪ್ಪ ಹಾಳೆ ಇತ್ತು, ಬರೀ ಬಿಳಿ, ಒಂದು ಗೆರೆಯೂ ಇಲ್ಲ. ಕೈಯಿಟ್ಟು ನೋಡಿದೆ. ಹಾಳೆಯ ಹಿಂದಿನಿಂದ ಸೂಜಿಮೊನೆಯಲ್ಲಿ ಚುಚ್ಚಿ ಚುಚ್ಚಿ ಮುಂದಕ್ಕೆ ಉಬ್ಬಿಸಿದ ಸಾಲುಗಳು. ತಲೆಬಾಗಿಲು, ಪಡಸಾಲೆ, ಕಂಬ, ಬಚ್ಚಲು, ಒಲೆ. ಅವರದೇ ಮನೆ. ಅಡಿಯಲ್ಲ, ಇಂಚಲ್ಲ, ಅಕ್ಕನ ಒಂದೊಂದು ಹೆಜ್ಜೆಗೆ ಒಂದೊಂದು ದೊಡ್ಡ ಚುಕ್ಕಿ. ನಾಲ್ಕು ತಾಲ್ಲೂಕಿನ ಕಟ್ಟಡ ಅಳೆದು ಅಳೆದು ಇವರು ಸವೆಸಿದ ಟೇಪು ಇಲ್ಲಿಗೆ ಬಂದು ನಿಂತಿತ್ತು. ಎಲ್ಲ ನಕ್ಷೆಗೂ ಒಂದು ಸೊನ್ನೆ ಬೇಕಲ್ಲ? ಇದರ ಸೊನ್ನೆ ಒಲೆಯ ಮುಂದೆ ಅಕ್ಕ ನಿಲ್ಲುವ ಜಾಗ. ಅದಕ್ಕೂ ಅಕ್ಷಾಂಶ ರೇಖಾಂಶ ಹಿಡಿದಿದ್ದರು!

"ಮದ್ಲನೇ ಆಳೇಲಿ ಹಿಂದುಗಡೆಯಿಂದ ಚುಚ್ತಾ ಇವ್ನಿ ಅನ್ನೋದೇ ಮರ್ತು, ಮನೆ ಎಡಬಲ ಅದ್ಲುಬದ್ಲು ಮಾಡ್ಬುಟ್ಟಿದ್ರು," ಅಂದಳು ಅಕ್ಕ. "ಬಚ್ಚಲಿಗೋಗಿ ಅನ್ನ ಬೇಯಿಸ್ಲಾ ಅಂತ ಕೇಳ್ದೆ."

"ಇಪ್ಪತ್ತು ವರ್ಷದಿಂದ ಓಡಾಡಿದ ಮನೆಗೆ ನಕ್ಷೆ ಯಾಕೆ ಭಾವ?" ಅಂದೆ.

"ಕಾಣ್ತಿರೋವಾಗ ಯಾರೂ ಹೆಜ್ಜೆ ಎಣಿಸಾಕಿಲ್ಲ ಕಣಮ್ಮಿ."

ಅಕ್ಕ ಬೆರಳಿನಲ್ಲೇ ಮನೆಯೆಲ್ಲ ಸುತ್ತಿದಳು. ಬಚ್ಚಲಿನಿಂದ ಒಲೆಗೆ ಬಂದ ಬೆರಳು ನಿಂತಿತು. "ಇಲ್ಲಿ ತಪ್ಪದೆ ಕಣ್ರೀ. ಎಂಟೆಜ್ಜೆ ಇಕ್ಕಿದ್ದೀರ. ನಂಗೆ ಒಂಬತ್ತಾಯ್ತದೆ."

"ತಪ್ಪಾ? ನನ್ ನಕ್ಷೇಲಾ?" ಭಾವನ ಮುಖ ಕೆಂಪಾಯಿತು. ಟೇಪು ಎಳೆದು ಅಳೆದರು. ಹದಿನಾರಡಿ, ಹೆಜ್ಜೆಗೆ ಎರಡಡಿಯಂತೆ ಎಂಟು. ಒಂದು ನೂಲು ಆಚೆಯಿಲ್ಲ, ಈಚೆಯಿಲ್ಲ. "ನೋಡು! ಸರಿಯಾಗದೆ!"

ಅಕ್ಕ ಹಾಳೆಯಿಂದ ಬೆರಳು ತೆಗೆದಳು. ಬಚ್ಚಲ ಬಾಗಿಲಿಗೆ ಹೋಗಿ ನಿಂತು, ಒಲೆಯ ಕಡೆ ನಡೆದಳು. ನಾವಿಬ್ಬರೂ ಎಣಿಸಿದೆವು. ಒಂಬತ್ತು.

"ನೀವು ಅಳ್ದಾಗ ಒಸಿ ಕಾಣ್ತಿತ್ತು. ಧೈರ್ಯವಾಗಿ ಇಕ್ತಿದ್ದೆ," ಅಂದಳು ಅಕ್ಕ. "ಈಗ ಎಜ್ಜೆ ಸಣ್ಣದಾಗೋಗದೆ ಕಣ್ರೀ."

ಭಾವ ವಾದ ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ. ಆ ಹಾಳೆಯನ್ನು ತೆಗೆದಿಟ್ಟು, ಮೇಜಿನ ಮೇಲೆ ಹೊಸ ಹಾಳೆ ಹಾಸಿದರು. ಸಣ್ಣ ದನಿಯಲ್ಲಿ, "ಇರೋದ್ನ ಇದ್ದಂಗ್ ಬರೀಬೇಕು" ಅಂದರು. ಆಮೇಲೆ ನನ್ನ ಕಡೆ ನೋಡದೆ, "ಅಮ್ಮಿ, ಸೊನ್ನೆ ಹಿಡ್ಕೊ."

ನಾನು ಸೂಟ್‌ಕೇಸನ್ನು ಬಾಗಿಲ ಆಚೆ ಇಟ್ಟು ಬಂದು, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಕ್ಕನ ಹಿಮ್ಮಡಿಯ ಹತ್ತಿರ ಸೊನ್ನೆ ಒತ್ತಿ ಹಿಡಿದೆ. ಅಕ್ಕ ಮೊದಲನೇ ಹೆಜ್ಜೆ ಇಟ್ಟಳು.

"ಸೊನ್ನೆ ಅಲ್ಲಾಡ್ತದೆ ಕಣಮ್ಮಿ," ಅಂದರು ಭಾವ.

ನಾನು ಅಳುತ್ತಿದ್ದೆ, ಅಲ್ಲಾಡುತ್ತಿತ್ತು. ಆದರೆ ಆ ದಿನ ಭಾವ ಹಿಡಿದ ತುದಿಯೂ ಅಲ್ಲಾಡುತ್ತಿತ್ತು.